ಸರ್ಕ್ಯುಲರ್ ಡಿಪೆಂಡೆನ್ಸಿ: ಎರರ್ ಬಂದ ಸಾಲಲ್ಲಿ ತಪ್ಪಿರುವುದಿಲ್ಲ

ಹಿಂದೆ ನಾನಿದ್ದ ಒಂದು ತಂಡದಲ್ಲಿ, ಒಂದು ಬೆಳಿಗ್ಗೆ ಯಾರೋ ಇಡೀ ಪ್ರಾಜೆಕ್ಟಿನ ಮೇಲೆ ಇಂಪೋರ್ಟ್ ಸಾಲುಗಳನ್ನು (ಒಂದು ಫೈಲ್ ಇನ್ನೊಂದರಿಂದ ಬೇಕಾದದ್ದನ್ನು ತರಿಸಿಕೊಳ್ಳುವ ಸಾಲುಗಳು) ಜೋಡಿಸುವ ಟೂಲ್ ಓಡಿಸಿದರು. ಲಾಜಿಕ್ ಒಂದಕ್ಷರವೂ ಬದಲಾಗಲಿಲ್ಲ. ಪ್ರತಿ ಫೈಲಿನ ತಲೆಯಲ್ಲಿದ್ದ ಇಂಪೋರ್ಟ್‌ಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮಕ್ಕೆ ಬಂದವು, ಅಷ್ಟೇ. ಆಮೇಲೆ ಆಪ್ ಏಳಲೇ ಇಲ್ಲ.

ಅದು ಪೈಥಾನ್ ಪ್ರಾಜೆಕ್ಟ್. ಎರರ್ ಬಂದದ್ದು ಆರ್ಡರ್ಸ್ ಫೈಲಿನ ಮೂರನೇ ಸಾಲಿನಲ್ಲಿ. ಇನ್ವಾಯ್ಸ್ ಅನ್ನುವ 'ಪಾರ್ಷಿಯಲಿ ಇನಿಷಿಯಲೈಸ್ಡ್' ಮಾಡ್ಯೂಲಿನಿಂದ (ಇನ್ನೂ ಅರ್ಧವಷ್ಟೇ ಲೋಡ್ ಆದ ಕೋಡ್ ಫೈಲಿನಿಂದ) ಮೇಕ್ ಇನ್ವಾಯ್ಸ್ ಎಂಬ ಹೆಸರನ್ನು ತರಲು ಆಗುತ್ತಿಲ್ಲ ಅಂತ ಅದರ ದೂರು. ನಾವು ಮೂರು ಜನ ಆ ಸಾಲನ್ನೇ ಅರ್ಧ ಗಂಟೆ ದಿಟ್ಟಿಸಿದೆವು. ಫೈಲಿನ ಹೆಸರು ಸರಿ, ಫಂಕ್ಷನ್ ಹೆಸರು ಸರಿ, ಸ್ಪೆಲಿಂಗ್ ಸರಿ. ಆರ್ಡರ್ ಮುಗಿದ ಮೇಲೆ ಇನ್ವಾಯ್ಸ್ ಆಗಬೇಕು, ಹಾಗಾಗಿ ಆರ್ಡರ್ಸ್ ಫೈಲ್ ಇನ್ವಾಯ್ಸನ್ನು ಕರೆಯುವುದೂ ಸರಿ. ತಪ್ಪು ಅಲ್ಲಿ ಇರಲೇ ಇಲ್ಲ. ಇದ್ದದ್ದು ಇಮೇಲ್ ಕಳಿಸುವ ಮೇಲ್ ಫೈಲಿನಲ್ಲಿ. ಅದನ್ನು ಯಾರೂ ತೆರೆದೂ ನೋಡಿರಲಿಲ್ಲ.

ಇಂಥ ಎರರ್ ಎದುರಾದಾಗ ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಅವಸರದಲ್ಲಿ ಮುಟ್ಟಬಾರದು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಉದಾಹರಣೆಗೆ ಅದೇ ಮೂರು ಫೈಲು ಸಾಕು: ಆರ್ಡರ್ಸ್, ಇನ್ವಾಯ್ಸ್, ಮೇಲ್.

ಯಾವ ವೇಷದಲ್ಲಿ ಬರುತ್ತದೆ

ಒಂದು ಮಾಡ್ಯೂಲ್ ಇನ್ನೊಂದನ್ನು ನೆಚ್ಚಿಕೊಂಡು, ಆ ಇನ್ನೊಂದು ನೇರವಾಗಿಯೋ ನಾಲ್ಕು ಮನೆ ಸುತ್ತಿಯೋ ಮತ್ತೆ ಮೊದಲನೆಯದನ್ನೇ ನೆಚ್ಚಿಕೊಂಡರೆ ಅದು ಸರ್ಕ್ಯುಲರ್ ಡಿಪೆಂಡೆನ್ಸಿ. ಮುಂದೆ ಸುಮ್ನೆ 'ಸುತ್ತು' ಅನ್ನುತ್ತೇನೆ.

ಪೈಥಾನ್‌ನಲ್ಲಿ ಮೇಲೆ ಹೇಳಿದ 'ಪಾರ್ಷಿಯಲಿ ಇನಿಷಿಯಲೈಸ್ಡ್' ಸಂದೇಶವೇ ಗುರುತು. ಈ ಮಾತು 3.8ನೇ ಆವೃತ್ತಿಯಿಂದ ಬರುತ್ತಿದೆ. ಅದಕ್ಕಿಂತ ಹಳೆಯ ಪೈಥಾನ್ ಆದರೆ 'ಕೆನಾಟ್ ಇಂಪೋರ್ಟ್ ನೇಮ್' ಅಂತ ಹೇಳಿ ಸುಮ್ಮನಾಗುತ್ತದೆ, ಸುತ್ತಿನ ಸುದ್ದಿಯೇ ಇಲ್ಲ.

ಜಾವಾಸ್ಕ್ರಿಪ್ಟ್ ಇನ್ನೂ ಕಳ್ಳ. ಹಳೆಯ ರಿಕ್ವೈರ್ ಪದ್ಧತಿಯಲ್ಲಿ ಎರರ್ ಬರುವುದೇ ಇಲ್ಲ. ಅರ್ಧ ತುಂಬಿದ ಆಬ್ಜೆಕ್ಟ್ ನಿಮ್ಮ ಕೈಗೆ ಬರುತ್ತದೆ. ಅದರಲ್ಲಿ ಬೇಕಾದ ಫಂಕ್ಷನ್ ಇರುವುದಿಲ್ಲ, ಬಹಳ ಹೊತ್ತಿನ ಮೇಲೆ ಬೇರೆಲ್ಲೋ 'ಈಸ್ ನಾಟ್ ಎ ಫಂಕ್ಷನ್' ಅಂತ ಬೀಳುತ್ತದೆ. ಹೊಸ ಇಎಸ್ ಮಾಡ್ಯೂಲ್‌ಗಳಲ್ಲಿ 'ಕೆನಾಟ್ ಆಕ್ಸೆಸ್ ಬಿಫೋರ್ ಇನಿಷಿಯಲೈಸೇಶನ್' ಬರುತ್ತದೆ, ಅದು ಎಷ್ಟೋ ಮೇಲು. 'ಕ್ಲಾಸ್ ಎಕ್ಸ್‌ಟೆಂಡ್ಸ್ ವ್ಯಾಲ್ಯೂ ಅನ್‌ಡಿಫೈನ್ಡ್' ಕಂಡರಂತೂ ನಾನು ಮೊದಲು ಅನುಮಾನಪಡುವುದು ಸುತ್ತನ್ನೇ. ಮಗು ಕ್ಲಾಸ್ ಹುಟ್ಟುವ ಹೊತ್ತಿಗೆ ತಾಯಿ ಕ್ಲಾಸ್ ಇನ್ನೂ ಹುಟ್ಟಿಲ್ಲ ಅಂತ ಅದರ ಅರ್ಥ.

ಸಿ ಪ್ಲಸ್ ಪ್ಲಸ್‌ನಲ್ಲಿ ಎರಡು ಹೆಡರ್ ಫೈಲುಗಳು ಒಂದನ್ನೊಂದು ಇನ್‌ಕ್ಲೂಡ್ ಮಾಡಿಕೊಂಡಿರುತ್ತವೆ. ಇನ್‌ಕ್ಲೂಡ್ ಗಾರ್ಡ್ (ಒಂದೇ ಹೆಡರನ್ನು ಎರಡು ಸಲ ಓದದಂತೆ ತಡೆಯುವ ಸಾಲು) ಇರುವುದರಿಂದ ಕಂಪೈಲರ್ ಕೊನೆಯಿಲ್ಲದೆ ಸುತ್ತುವುದಿಲ್ಲ. ಆದರೆ ಒಂದು ಹೆಡರ್ ಓದುವಾಗ ಇನ್ನೊಂದರ ಕ್ಲಾಸ್ ಇನ್ನೂ ಕಂಡಿರುವುದಿಲ್ಲ. ಹಾಗಾಗಿ 'ಡಸ್ ನಾಟ್ ನೇಮ್ ಎ ಟೈಪ್' ಅಥವಾ 'ಇನ್‌ಕಂಪ್ಲೀಟ್ ಟೈಪ್' ಅನ್ನುತ್ತದೆ. ಕಣ್ಣ ಮುಂದೆಯೇ ಇನ್‌ಕ್ಲೂಡ್ ಸಾಲು ಇದ್ದರೂ ಟೈಪ್ ಗೊತ್ತಿಲ್ಲ ಅನ್ನುವುದು ಹೊಸಬರಿಗೆ ತಲೆ ಕೆಡಿಸುತ್ತದೆ.

ಜಾವಾ ಕಂಪೈಲರ್ ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಸುತ್ತು ಇದ್ದರೂ ತಕರಾರು ಮಾಡುವುದಿಲ್ಲ. ಗಲಾಟೆ ಶುರುವಾಗುವುದು, ಬೀನ್ ಅನ್ನುವ ಆಬ್ಜೆಕ್ಟುಗಳನ್ನು ತಾನೇ ಕಟ್ಟಿ ಜೋಡಿಸುವ ಸ್ಪ್ರಿಂಗ್ ಬಂದಾಗ. ಕನ್‌ಸ್ಟ್ರಕ್ಟರ್ ಮೂಲಕ ಒಂದನ್ನೊಂದು ಕೇಳುವ ಎರಡು ಬೀನ್‌ಗಳಿದ್ದರೆ ಯಾವುದನ್ನು ಮೊದಲು ಕಟ್ಟಬೇಕು? ಸೆಟ್ಟರ್ ಅಥವಾ ಫೀಲ್ಡ್ ಮೂಲಕ ಕೇಳುತ್ತಿದ್ದರೆ ಹಿಂದೆಲ್ಲ ಹೇಗೋ ನಿಭಾಯಿಸಿಬಿಡುತ್ತಿತ್ತು. 2021ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.6ರಿಂದ ಅದನ್ನೂ ಡೀಫಾಲ್ಟ್ ಆಗಿ ತಡೆದಿದ್ದಾರೆ. ವರ್ಷಗಟ್ಟಲೆ ಓಡಿದ ಆಪ್ ಆವೃತ್ತಿ ಏರಿಸಿದ ದಿನ ನಿಂತುಹೋದರೆ ಇದನ್ನೂ ಒಮ್ಮೆ ನೋಡಿ. ಒಳ್ಳೆಯ ಸಂಗತಿ ಅಂದರೆ ಅದು ಲಾಗ್‌ನಲ್ಲಿ ಸುತ್ತನ್ನು ಪೆಟ್ಟಿಗೆಯ ಹಾಗೆ ಗೆರೆ ಎಳೆದು ತೋರಿಸುತ್ತದೆ.

ಗೋ ಭಾಷೆ ಪ್ಯಾಕೇಜ್ ಸುತ್ತನ್ನು ಕಂಪೈಲ್ ಮಾಡುವುದೇ ಇಲ್ಲ. ರಸ್ಟ್‌ನಲ್ಲಿ ಕ್ರೇಟ್‌ಗಳ (ರಸ್ಟಿನ ಪ್ಯಾಕೇಜುಗಳ) ನಡುವೆ ಸುತ್ತು ನಡೆಯದು, ಒಂದೇ ಕ್ರೇಟಿನ ಒಳಗೆ ನಡೆಯುತ್ತದೆ. ಇಲ್ಲಿ ಪತ್ತೆ ಹಚ್ಚುವ ಕೆಲಸವಿಲ್ಲ, ಬಿಡಿಸುವ ಕೆಲಸ ಮಾತ್ರ.

ಇನ್ನು ಎರರ್ ಇಲ್ಲದೆ ಬರುವ ಲಕ್ಷಣಗಳು. ನನಗೆ ಇವೇ ಜಾಸ್ತಿ ಮುಖ್ಯ. ಎಲ್ಲ ಟೆಸ್ಟ್ ಒಟ್ಟಿಗೆ ಓಡಿಸಿದರೆ ಪಾಸ್, ಒಂದನ್ನೇ ಓಡಿಸಿದರೆ ಫೇಲ್. ಇಂಪೋರ್ಟ್ ಸಾಲಿನ ಪಕ್ಕ 'ಇದನ್ನು ಮೇಲಕ್ಕೆ ಸರಿಸಬೇಡಿ' ಅನ್ನುವ ಕಾಮೆಂಟ್. ಫೈಲಿನ ಕಟ್ಟಕಡೆಯಲ್ಲಿ ಒಂಟಿಯಾಗಿ ನಿಂತ ಇಂಪೋರ್ಟ್. ಒಂದು ಸಾಲು ಬದಲಿಸಿದರೆ ಅರ್ಧ ಪ್ರಾಜೆಕ್ಟ್ ಮತ್ತೆ ಬಿಲ್ಡ್ ಆಗುವುದು. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸುತ್ತು ಒಳಗೆ ಕೂತಿರಬಹುದು, ಇನ್ನೂ ಬಾಯಿ ಬಿಟ್ಟಿಲ್ಲ ಅಷ್ಟೇ.

ಮೊದಲು ಸುಳ್ಳು ಎಚ್ಚರಿಕೆಗಳನ್ನು ತೆಗೆದುಹಾಕಿ

ಸುತ್ತು ಅಂತ ಕಂಪ್ಯೂಟರ್ ಹೇಳಿದ ಮಾತ್ರಕ್ಕೆ ನಂಬಬೇಡಿ. ನಿಮ್ಮ ಫೈಲಿಗೆ ನೀವೇ ರ‍್ಯಾಂಡಮ್ ಅಂತ ಹೆಸರಿಟ್ಟು, ಒಳಗೆ ಪೈಥಾನ್‌ನ ರ‍್ಯಾಂಡಮ್ ಲೈಬ್ರರಿಯನ್ನು ಕರೆದಿದ್ದೀರಿ ಅಂದುಕೊಳ್ಳಿ. ಪೈಥಾನ್ ಮೊದಲು ನೋಡುವುದು ನಿಮ್ಮ ಫೋಲ್ಡರನ್ನು. ಅಲ್ಲಿ ಆ ಹೆಸರಿನ ಫೈಲ್ ಸಿಕ್ಕಿತು, ಅದನ್ನೇ ಕರೆಯಿತು, ಫೈಲ್ ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಂಡಿತು. ಎರರ್ ಮಾತ್ರ 'ಸರ್ಕ್ಯುಲರ್ ಇಂಪೋರ್ಟ್ ಇರಬಹುದು' ಅಂತ. ಇಲ್ಲಿ ಡಿಸೈನ್ ದೋಷ ಏನೂ ಇಲ್ಲ, ಹೆಸರು ಬದಲಿಸಿದರೆ ಮುಗಿಯಿತು. 3.13ನೇ ಆವೃತ್ತಿಯಿಂದ ಪೈಥಾನ್ ತಾನಾಗಿಯೇ ಹೆಸರು ಬದಲಿಸಿ ಅಂತ ಸುಳಿವು ಕೊಡುತ್ತದೆ.

ಇನ್ನೊಂದು, ನೇರವಾಗಿ ಓಡಿಸಿದ ಫೈಲನ್ನು ಬೇರೊಂದು ಫೈಲ್ ಇಂಪೋರ್ಟ್ ಮಾಡುವುದು. ಓಡಿಸಿದ ಫೈಲಿಗೆ ಪೈಥಾನ್ ಒಳಗೆ 'ಮೇನ್' ಅನ್ನುವ ಹೆಸರಿರುತ್ತದೆ. ಅದನ್ನೇ ಅದರ ನಿಜ ಹೆಸರಿನಲ್ಲಿ ಯಾರಾದರೂ ಕೇಳಿದರೆ ಹೊಸ ಮಾಡ್ಯೂಲ್ ಅಂದುಕೊಂಡು ಇನ್ನೊಮ್ಮೆ ಓಡಿಸುತ್ತದೆ. ಒಂದೇ ಕ್ಲಾಸ್ ಎರಡು ಸಲ ಹುಟ್ಟುತ್ತದೆ, ಒಂದೇ ಲಾಗ್ ಸಾಲು ಎರಡು ಸಲ ಬರುತ್ತದೆ. ಇದು ನಿಜವಾದ ಸುತ್ತೇ. ಆದರೆ ಓಡಿಸುವ ಫೈಲಿನಲ್ಲಿ ಶುರು ಮಾಡುವ ನಾಲ್ಕು ಸಾಲು ಬಿಟ್ಟು ಬೇರೇನೂ ಇಡದಿದ್ದರೆ ತಾನಾಗಿಯೇ ಹೋಗುತ್ತದೆ.

ಡೇಟಾವನ್ನು ಮರದ ಹಾಗೆ ಜೋಡಿಸಿದಾಗ ಅದರ ಒಂದು ನೋಡ್ ತನ್ನ ಮಕ್ಕಳನ್ನೂ ತನ್ನ ತಾಯಿಯನ್ನೂ ನೆನಪಿಟ್ಟುಕೊಂಡರೆ ಅದು ಆಬ್ಜೆಕ್ಟ್‌ಗಳ ಸುತ್ತು, ಕೋಡಿನ ಸುತ್ತಲ್ಲ. ಅದರ ಚಿಂತೆ ಮೆಮೊರಿಯದು. ಒಂದೇ ಫೈಲಿನ ಎರಡು ಫಂಕ್ಷನ್ ಒಂದನ್ನೊಂದು ಕರೆಯುವುದೂ ತಪ್ಪಲ್ಲ. ಇವೆರಡನ್ನೂ ಈ ಬರಹದಿಂದ ಆಚೆ ಇಡುತ್ತೇನೆ.

ಒಳಗೆ ಆಗುವುದೇನು: ನಿಧಾನವಾಗಿ ನೋಡೋಣ

ನಮ್ಮ ಮೂರು ಫೈಲುಗಳಿಗೆ ಬರೋಣ. ಆರ್ಡರ್ಸ್ ಫೈಲಿನ ತಲೆಯಲ್ಲಿ 'ಇನ್ವಾಯ್ಸ್‌ನಿಂದ ಮೇಕ್ ಇನ್ವಾಯ್ಸ್ ತಾ' ಅಂತ ಇತ್ತು. ಅದರ ಕೆಳಗೆ ಸ್ಟೇಟಸ್ ಅನ್ನುವ ಒಂದು ಪುಟ್ಟ ಕ್ಲಾಸ್: ಬಂದಿದೆ, ಕಳಿಸಿದೆ, ರದ್ದಾಗಿದೆ. ಇನ್ವಾಯ್ಸ್ ಫೈಲಿನಲ್ಲಿ 'ಮೇಲ್ ಮಾಡ್ಯೂಲನ್ನು ತಾ' ಅಂತ ಇತ್ತು. ಗಮನಿಸಿ, ಇಡೀ ಮಾಡ್ಯೂಲನ್ನು ಕೇಳಿತ್ತು, ಅದರೊಳಗಿನ ಒಂದು ಹೆಸರನ್ನಲ್ಲ. ಮೇಲ್ ಫೈಲಿನಲ್ಲಿ 'ಆರ್ಡರ್ಸ್‌ನಿಂದ ಸ್ಟೇಟಸ್ ತಾ' ಅಂತ ಇತ್ತು, ಯಾವ ಸ್ಟೇಟಸ್‌ಗೆ ಯಾವ ಪತ್ರದ ನಮೂನೆ ಅಂತ ಆರಿಸುವುದಕ್ಕೆ.

ಪೈಥಾನ್ ಒಂದು ಮಾಡ್ಯೂಲನ್ನು ಲೋಡ್ ಮಾಡುವಾಗ ಮೊದಲು ಅದರ ಹೆಸರಿನಲ್ಲಿ ಒಂದು ಖಾಲಿ ಡಬ್ಬಿ ಮಾಡಿ ಪಟ್ಟಿಯಲ್ಲಿ ಇಡುತ್ತದೆ. ಆಮೇಲೆ ಫೈಲನ್ನು ಮೇಲಿನಿಂದ ಕೆಳಗೆ ಓಡಿಸುತ್ತಾ ಆ ಡಬ್ಬಿ ತುಂಬುತ್ತದೆ. ನಡುವೆ ಯಾರಾದರೂ ಅದೇ ಹೆಸರನ್ನು ಕೇಳಿದರೆ ಮತ್ತೆ ಓಡಿಸುವುದಿಲ್ಲ. ಅರ್ಧ ತುಂಬಿದ ಡಬ್ಬಿಯನ್ನೇ ಕೈಗೆ ಕೊಡುತ್ತದೆ.

ಹಳೆಯ ಕ್ರಮದಲ್ಲಿ ಮುಖ್ಯ ಫೈಲ್ ಮೊದಲು ಮೇಲನ್ನು ಕರೆಯುತ್ತಿತ್ತು. ಮೇಲ್ ಶುರುವಾಯಿತು, ಮೊದಲ ಸಾಲಿಗೇ ಆರ್ಡರ್ಸ್ ಬೇಕಾಯಿತು. ಆರ್ಡರ್ಸ್ ಶುರುವಾಯಿತು, ಅದಕ್ಕೆ ಇನ್ವಾಯ್ಸ್ ಬೇಕಾಯಿತು. ಇನ್ವಾಯ್ಸ್ ಮೇಲ್ ಮಾಡ್ಯೂಲನ್ನು ಕೇಳಿತು. ಸಿಕ್ಕಿದ್ದು ಖಾಲಿ ಡಬ್ಬಿ. ಆದರೆ ಅದಕ್ಕೆ ಆ ಹೊತ್ತಿನಲ್ಲಿ ಡಬ್ಬಿ ಇದ್ದರೆ ಸಾಕು, ಒಳಗಿನದು ಬೇಕಾಗುವುದು ಮುಂದೆ ಫಂಕ್ಷನ್ ಓಡುವಾಗ. ಹಾಗಾಗಿ ಇನ್ವಾಯ್ಸ್ ಮುಗಿಯಿತು, ಆರ್ಡರ್ಸ್ ಮುಗಿಯಿತು, ಸ್ಟೇಟಸ್ ಸಿಕ್ಕಿತು, ಮೇಲ್ ಮುಗಿಯಿತು. ಎಲ್ಲ ಸುಸೂತ್ರ.

ಈಗ ಅಕ್ಷರಮಾಲೆಯ ಕ್ರಮ. ಇಂಗ್ಲಿಷಿನ ಐ ಮೊದಲು, ಎಂ ಆಮೇಲೆ, ಓ ಕೊನೆಗೆ. ಮುಖ್ಯ ಫೈಲ್ ಮೊದಲು ಇನ್ವಾಯ್ಸನ್ನು ಕರೆಯಿತು. ಇನ್ವಾಯ್ಸ್ ಮೇಲನ್ನು ಕರೆಯಿತು, ಮೇಲ್ ಆರ್ಡರ್ಸನ್ನು ಕರೆಯಿತು, ಆರ್ಡರ್ಸ್ 'ಇನ್ವಾಯ್ಸ್‌ನಿಂದ ಮೇಕ್ ಇನ್ವಾಯ್ಸ್ ತಾ' ಅಂದಿತು. ಇನ್ವಾಯ್ಸ್ ಇನ್ನೂ ತನ್ನ ಮೊದಲ ಸಾಲಿನಲ್ಲೇ ನಿಂತಿದೆ, ಡಬ್ಬಿ ಖಾಲಿ. ಇವರಿಗೆ ಬೇಕಾದದ್ದು ಡಬ್ಬಿಯಲ್ಲ, ಒಳಗಿನ ವಸ್ತು. ಎರರ್.

ಮೂರು ಫೈಲುಗಳಲ್ಲಿ ಯಾವುದನ್ನು ಮೊದಲು ಕರೆದರೆ ಏನಾಗುತ್ತದೆ ಅಂತ ಕಾಗದದ ಮೇಲೆ ಬರೆದು ನೋಡಿದೆ. ಮೇಲ್ ಮೊದಲಾದರೆ ಮಾತ್ರ ಬದುಕುತ್ತದೆ. ಉಳಿದ ಎರಡು ದಾರಿಯಲ್ಲೂ ಬೀಳುತ್ತದೆ. ಅಂದರೆ ಆ ಆಪ್ ಎರಡು ವರ್ಷ ಓಡಿದ್ದು ಮುಖ್ಯ ಫೈಲಿನಲ್ಲಿ ಎರಡು ಸಾಲುಗಳ ಹಿಂದುಮುಂದು ಸರಿ ಬಿದ್ದಿದ್ದರಿಂದ. ಆರ್ಡರ್ಸ್ ಟೆಸ್ಟ್ ಒಂದನ್ನೇ ಓಡಿಸಿದರೆ ಬೀಳುತ್ತದೆ ಅಂತ ಒಬ್ಬರು ಹಿಂದೆಯೇ ಹೇಳಿದ್ದರು. 'ಎಲ್ಲ ಒಟ್ಟಿಗೆ ಓಡಿಸಿ, ಪಾಸ್ ಆಗುತ್ತದೆ' ಅಂತ ನಾವು ಉತ್ತರ ಕೊಟ್ಟಿದ್ದೆವು. ಆಪ್ ಟೆಸ್ಟ್ ಮೊದಲು ಓಡಿ, ಮುಖ್ಯ ಫೈಲನ್ನು ಕರೆದು, ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ತುಂಬಿಟ್ಟಿರುತ್ತಿತ್ತು, ಅದಕ್ಕೇ ಪಾಸ್.

ಸುತ್ತನ್ನು ಪೂರ್ತಿ ಹಿಡಿಯುವುದು

ಟ್ರೇಸ್‌ಬ್ಯಾಕ್ (ಎರರ್ ತನಕ ಯಾವ ಫೈಲ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಬಂದರೆ ಎಲ್ಲರ ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ. ಸುತ್ತಿನ ವಿಷಯದಲ್ಲಿ ಮೇಲಿನಿಂದ ಓದಿ. ಫೈಲಿನ ಹೆಸರುಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳಿ: ಮುಖ್ಯ, ಇನ್ವಾಯ್ಸ್, ಮೇಲ್, ಆರ್ಡರ್ಸ್. ಕೊನೆಯ ಎರರ್‌ನಲ್ಲಿ ಯಾವ ಮಾಡ್ಯೂಲಿನ ಹೆಸರಿದೆ? ಇನ್ವಾಯ್ಸ್. ಆ ಹೆಸರು ಪಟ್ಟಿಯಲ್ಲಿ ಮೇಲೆಲ್ಲಿದೆಯೋ ಅಲ್ಲಿಂದ ಕೊನೆಯವರೆಗೆ ಇರುವುದೇ ಸುತ್ತು. ಎರಡು ನಿಮಿಷದ ಕೆಲಸ, ಯಾವ ಟೂಲ್ ಬೇಡ.

ಎರರ್ ಇಲ್ಲದಿದ್ದರೆ ಟೂಲ್ ಬೇಕು. ಜಾವಾಸ್ಕ್ರಿಪ್ಟ್‌ಗೆ ಮ್ಯಾಡ್ಜ್, ಡಿಪೆಂಡೆನ್ಸಿ ಕ್ರೂಸರ್ ಇವೆ. ಇಎಸ್‌ಲಿಂಟ್‌ನ ಇಂಪೋರ್ಟ್ ಪ್ಲಗಿನ್‌ನಲ್ಲಿ ನೋ ಸೈಕಲ್ ಅನ್ನುವ ನಿಯಮ ಇದೆ. ಜಾವಾದ ಜೊತೆಗೇ ಜೆಡೆಪ್ಸ್ ಬರುತ್ತದೆ, ಪ್ಯಾಕೇಜುಗಳ ನಡುವಿನ ಬಾಣಗಳನ್ನು, ಅಂದರೆ ಯಾವುದು ಯಾವುದನ್ನು ನೆಚ್ಚಿದೆ ಅನ್ನುವುದನ್ನು, ಅದು ತೋರಿಸುತ್ತದೆ. ಟೆಸ್ಟ್ ರೂಪದಲ್ಲಿ ಬರೆಯಲು ಆರ್ಚ್‌ಯುನಿಟ್. ಪೈಥಾನ್‌ನಲ್ಲಿ ಇಂಪೋರ್ಟ್‌ಟೈಮ್ ಆಯ್ಕೆ ಹಾಕಿ ಓಡಿಸಿದರೆ ಯಾವುದು ಯಾವುದರ ಒಳಗೆ ಲೋಡ್ ಆಯಿತು ಅಂತ ಕಾಣುತ್ತದೆ, ಇದು 3.7ರಿಂದ ಇದೆ. ಸಿ ಪ್ಲಸ್ ಪ್ಲಸ್‌ಗೆ ಜಿಸಿಸಿಯಲ್ಲಿ ಮೈನಸ್ ದೊಡ್ಡ ಎಚ್ ಕೊಟ್ಟರೆ ಹೆಡರ್‌ಗಳ ಮರ ಸಿಗುತ್ತದೆ.

ದೊಡ್ಡ ಪ್ರಾಜೆಕ್ಟಿನಲ್ಲಿ ಟೂಲ್ ನೂರಾರು ಸುತ್ತು ತೋರಿಸಬಹುದು. ಹೆದರಬೇಡಿ. ಸುತ್ತಿನ ಒಳಗೆ ಸುತ್ತು ಇದ್ದಾಗ ಅದೇ ನಾಲ್ಕಾರು ಬಾಣಗಳು ಬೇರೆ ಬೇರೆ ಜೋಡಣೆಯಲ್ಲಿ ಮತ್ತೆ ಮತ್ತೆ ಎಣಿಕೆಯಾಗಿರುತ್ತವೆ. ಎಣಿಸಬೇಕಾದದ್ದು ಸುತ್ತುಗಳನ್ನಲ್ಲ, ಗಂಟುಗಳನ್ನು. ಗಂಟು ಅಂದರೆ, ಅದರೊಳಗಿನ ಯಾವ ಫೈಲಿನಿಂದ ಹೊರಟರೂ ಬಾಣ ಹಿಡಿದು ಬೇರೆಲ್ಲ ಫೈಲುಗಳನ್ನೂ ಮುಟ್ಟಿ ವಾಪಸ್ ಬರಬಹುದಾದ ಗುಂಪು. ಗ್ರಾಫ್ ಓದಿದವರು ಇದನ್ನು ಸ್ಟ್ರಾಂಗ್ಲಿ ಕನೆಕ್ಟೆಡ್ ಕಾಂಪೊನೆಂಟ್ ಅನ್ನುತ್ತಾರೆ. ಒಂದೇ ಓಟದಲ್ಲಿ ಇವನ್ನೆಲ್ಲ ಹುಡುಕುವ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಟಾರ್ಜನ್ 1972ರಲ್ಲೇ ಕೊಟ್ಟಿದ್ದಾರೆ. ನೂರಾರು ಸುತ್ತು ಕಂಡ ಕಡೆ ಎಷ್ಟೋ ಸಲ ಗಂಟು ಎರಡೋ ಮೂರೋ ಇರುತ್ತವೆ.

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸುಲಭದ ಗೆಲುವು ಇದೆ, ಮೊದಲು ಅದನ್ನು ನೋಡಿ. ಒಂದು ಫೋಲ್ಡರಿನ ಎಲ್ಲ ಫೈಲುಗಳನ್ನೂ ಒಟ್ಟು ಮಾಡಿ ಹೊರಗೆ ಕೊಡುವ ಇಂಡೆಕ್ಸ್ ಫೈಲ್ ಇರುತ್ತದಲ್ಲ, ಅದೇ ಫೋಲ್ಡರಿನ ಒಳಗಿನ ಫೈಲುಗಳು ಪಕ್ಕದ ಫೈಲನ್ನು ನೇರವಾಗಿ ಕೇಳುವ ಬದಲು ಆ ಇಂಡೆಕ್ಸನ್ನು ಕೇಳುತ್ತಿರುತ್ತವೆ. ಎಡಿಟರ್ ತಾನಾಗಿ ಇಂಪೋರ್ಟ್ ಸೇರಿಸಿದಾಗ ಹೀಗಾಗುವುದು ಜಾಸ್ತಿ. ಪಕ್ಕದ ಮನೆಗೆ ಹೋಗಲು ಊರಾಚೆ ಹೋಗಿ ಹೆಬ್ಬಾಗಿಲಿನಿಂದ ಬಂದ ಹಾಗೆ. ಫೋಲ್ಡರಿನ ಒಳಗಿನವರು ಇಂಡೆಕ್ಸ್ ಮುಟ್ಟಬಾರದು ಅಂತ ಒಂದು ನಿಯಮ ಮಾಡಿ, ಆ ದಾರಿಗಳನ್ನು ತಿದ್ದಿ, ಟೂಲನ್ನು ಮತ್ತೆ ಓಡಿಸಿ. ಪಟ್ಟಿ ಕುಗ್ಗಿರುತ್ತದೆ.

ಐದು ನಿಮಿಷದ ಮದ್ದು, ಅದರ ಬೆಲೆ

ಆ ದಿನ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೇಲ್ ಫೈಲಿನ ತಲೆಯಲ್ಲಿದ್ದ ಇಂಪೋರ್ಟನ್ನು ತೆಗೆದು, ಅದನ್ನು ಬಳಸುವ ಫಂಕ್ಷನ್ನಿನ ಒಳಗೆ ಹಾಕಿದೆವು. ಆಪ್ ಎದ್ದಿತು. ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ಆಪ್, ಬಿದ್ದಿರುವಾಗ ಇದು ಸರಿಯಾದ ಕೆಲಸವೇ, ನಾಚಿಕೆ ಬೇಡ. ಸ್ಪ್ರಿಂಗ್‌ನಲ್ಲಿ ಲೇಜಿ ಅಂತ ಗುರುತು ಹಾಕುವುದು, ಹಳೆಯ ನಡತೆಗೆ ಮರಳುವ ಸೆಟ್ಟಿಂಗ್ ಹಚ್ಚುವುದು, ಇವೂ ಇದೇ ಜಾತಿಯ ಮದ್ದು.

ಆದರೆ ಸುತ್ತು ಹೋಗಿಲ್ಲ, ಮರೆಯಾಗಿದೆ. ಕೆಲವು ವಾರದ ಮೇಲೆ ಒಬ್ಬರು ಸ್ಟೇಟಸ್ ಕ್ಲಾಸಿನ ಹೆಸರು ಬದಲಿಸಿದರು. ಫಂಕ್ಷನ್ನಿನ ಒಳಗಿದ್ದ ಇಂಪೋರ್ಟ್ ಅವರ ಕಣ್ಣಿಗೆ ಬೀಳಲಿಲ್ಲ. ಆಪ್ ಏನೂ ಆಗದವರ ಹಾಗೆ ಎದ್ದಿತು. ರದ್ದಾದ ಆರ್ಡರಿಗೆ ಪತ್ರ ಹೋಗಬೇಕಾದ ಕ್ಷಣದಲ್ಲಿ, ಮಧ್ಯರಾತ್ರಿ ಬಿತ್ತು. ತಲೆಯಲ್ಲಿ ಇಂಪೋರ್ಟ್ ಇದ್ದಿದ್ದರೆ ಡಿಪ್ಲಾಯ್ ಮಾಡುವಾಗಲೇ ಬೀಳುತ್ತಿತ್ತು. ಬೇಗ ಬೀಳಬೇಕಾದದ್ದನ್ನು ತಡವಾಗಿ ಬೀಳುವ ಹಾಗೆ ಮಾಡಿಕೊಂಡಿದ್ದೆವು.

ಇಲ್ಲೇ ಕೋಡಿನ ಗುಣಮಟ್ಟದ ಮಾತು ಬರುತ್ತದೆ. ಎರರ್ ಬರುತ್ತಿಲ್ಲವಲ್ಲ, ಮತ್ತೇನು ತೊಂದರೆ ಅಂತ ಕೇಳುವವರಿದ್ದಾರೆ. ಮೇಲ್ ಕಳಿಸುವ ಫಂಕ್ಷನ್ನಿಗೆ ಒಂದು ಟೆಸ್ಟ್ ಬರೆದು ನೋಡಿ. ಅದು ಆರ್ಡರ್ಸನ್ನು ಎಳೆಯುತ್ತದೆ, ಆರ್ಡರ್ಸ್ ಡೇಟಾಬೇಸನ್ನು ಎಳೆಯುತ್ತದೆ, ಎರಡು ಸಾಲಿನ ಪರೀಕ್ಷೆಗೆ ಇಡೀ ಸಂಸಾರ ಬಂದು ಕೂರುತ್ತದೆ. ಇನ್ನೊಂದು ಪ್ರಾಜೆಕ್ಟಿಗೆ ಮೇಲ್ ಫೈಲನ್ನು ಒಯ್ಯಲು ಆಗುವುದಿಲ್ಲ. ಹೊಸಬರು ಕೋಡ್ ಓದಲು ಕೂತರೆ ಯಾವ ಫೈಲಿನಿಂದ ಶುರು ಮಾಡಬೇಕು ಅನ್ನುವುದಕ್ಕೆ ಉತ್ತರವೇ ಇಲ್ಲ, ಪ್ರತಿಯೊಂದೂ ಇನ್ನೊಂದನ್ನು ಓದಿ ಬಾ ಅನ್ನುತ್ತದೆ. ಹೆಸರಿಗೆ ಮೂರು ಫೈಲು, ನಿಜದಲ್ಲಿ ಒಂದೇ ದೊಡ್ಡ ಫೈಲು. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1970ರ ದಶಕದಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು: ಯಾವುದು ಯಾವುದನ್ನು ಬಳಸುತ್ತದೆ ಅನ್ನುವುದರಲ್ಲಿ ಸುತ್ತು ಬಿದ್ದರೆ, ಎಲ್ಲ ಭಾಗವೂ ಕೆಲಸ ಮಾಡುವ ತನಕ ಯಾವ ಭಾಗವೂ ಕೆಲಸ ಮಾಡುವುದಿಲ್ಲ.

ಯಾವ ಬಾಣ ಕತ್ತರಿಸಬೇಕು

ಇದೇ ಅಸಲಿ ಪ್ರಶ್ನೆ, ಇದಕ್ಕೆ ಯಾವ ಟೂಲೂ ಉತ್ತರ ಕೊಡುವುದಿಲ್ಲ. ಟೂಲಿನ ಕಣ್ಣಿಗೆ ಸುತ್ತಿನ ಎಲ್ಲ ಬಾಣಗಳೂ ಒಂದೇ. ಯಾವುದನ್ನು ಕತ್ತರಿಸಿದರೂ ಸುತ್ತು ಬಿಡುತ್ತದೆ. ಆದರೆ ಒಂದು ಬಾಣ ಮಾತ್ರ ಅಲ್ಲಿ ಇರಲೇಬಾರದಿತ್ತು.

ನಾನು ಪ್ರತಿ ಬಾಣವನ್ನೂ ಬಾಯಿಬಿಟ್ಟು ಒಂದು ವಾಕ್ಯವಾಗಿ ಹೇಳಿ ನೋಡುತ್ತೇನೆ. 'ಆರ್ಡರ್ ಮುಗಿಯಲು ಇನ್ವಾಯ್ಸ್ ಬೇಕು.' ಸರಿ. 'ಇನ್ವಾಯ್ಸ್ ಕಳಿಸಲು ಮೇಲ್ ಬೇಕು.' ಸರಿ. 'ಮೇಲ್ ಕಳಿಸಲು ಆರ್ಡರ್ ಎಂದರೇನು ಅಂತ ಗೊತ್ತಿರಬೇಕು.' ಯಾಕೆ? ಮೇಲ್ ಫೈಲಿಗೆ ವಿಳಾಸ, ವಿಷಯ, ಪತ್ರದ ಒಕ್ಕಣೆ ಕೊಟ್ಟರೆ ಸಾಕಲ್ವಾ? ಹೇಳುವಾಗ ನಾಲಿಗೆ ತಡೆಯುವ ವಾಕ್ಯವೇ ಕತ್ತರಿಸಬೇಕಾದ ಬಾಣ.

ಇನ್ನೂ ಅನುಮಾನ ಇದ್ದರೆ ಗಿಟ್ ಚರಿತ್ರೆ ನೋಡಿ, ಆ ಇಂಪೋರ್ಟ್ ಸಾಲು ಯಾವಾಗ ಬಂತು ಅಂತ. ಸುತ್ತನ್ನು ಮುಚ್ಚಿದ ಬಾಣ ಸಾಮಾನ್ಯವಾಗಿ ಕೊನೆಗೆ ಬಂದದ್ದಾಗಿರುತ್ತದೆ, ಯಾವುದೋ ತುರ್ತು ಬೇಡಿಕೆಯ ಜೊತೆ. ನಮ್ಮಲ್ಲೂ ಹಾಗೇ ಆಗಿತ್ತು. ರದ್ದಾದ ಆರ್ಡರಿಗೆ ಬೇರೆ ಪತ್ರ ಹೋಗಲಿ ಅಂತ ಯಾರೋ ಕೇಳಿದ್ದರು, ಮೇಲ್ ಫೈಲಿನಲ್ಲಿ ಒಂದು 'ಇಫ್' ಹಾಕಿದ್ದೇ ಹತ್ತಿರದ ದಾರಿಯಾಗಿತ್ತು. ಆ 'ಇಫ್' ಬರೆದವನು ನಾನೇ ಅಂತ ಗಿಟ್ ತೋರಿಸಿತು.

ಬಿಡಿಸುವ ದಾರಿಗಳು

ಮೊದಲು ಹೊಳೆಯುವುದು, ಇಬ್ಬರಿಗೂ ಬೇಕಾದ ತುಣುಕನ್ನು ಮೂರನೇ ಫೈಲಿಗೆ ಸಾಗಿಸುವುದು. ಸ್ಟೇಟಸ್ ಕ್ಲಾಸನ್ನು ಅದರದ್ದೇ ಫೈಲಿನಲ್ಲಿ ಇಟ್ಟು, ಆರ್ಡರ್ಸ್ ಮತ್ತು ಮೇಲ್ ಎರಡೂ ಅದನ್ನು ಕರೆದರೆ ಸುತ್ತು ಬಿಟ್ಟಿತು. ಹತ್ತು ನಿಮಿಷದ ಕೆಲಸ. ಆ ತುಣುಕು ನಿಜಕ್ಕೂ ಇಬ್ಬರಿಗೂ ಸೇರಿದ್ದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಆ ಹೊಸ ಫೈಲಿಗೆ 'ಕಾಮನ್' ಅಂತಲೋ 'ಯುಟಿಲ್ಸ್' ಅಂತಲೋ ಹೆಸರಿಡಬೇಡಿ. ಅಂಥ ಹೆಸರು ಕಂಡರೆ ಎಲ್ಲರೂ ತಮ್ಮ ಹಳೆ ಸಾಮಾನು ತಂದು ಸುರಿಯುತ್ತಾರೆ, ವರ್ಷದೊಳಗೆ ಅದೇ ಹೊಸ ಗಂಟಿನ ನಡುವೆ ಕೂತಿರುತ್ತದೆ. ಒಳಗಿರುವುದರ ಹೆಸರನ್ನೇ ಇಡಿ.

ನಮ್ಮ ವಿಷಯದಲ್ಲಿ ಅದು ಅರ್ಧ ಉತ್ತರ. ಸುತ್ತು ಹೋದರೂ ಮೇಲ್ ಫೈಲಿಗೆ ಆರ್ಡರಿನ ಸ್ಥಿತಿಗತಿ ಗೊತ್ತಿರಬೇಕಾದ ಅವಸ್ಥೆ ಹಾಗೇ ಉಳಿಯುತ್ತಿತ್ತು. ಹಾಗಾಗಿ ನಿರ್ಧಾರವನ್ನೇ ಜಾಗ ಬದಲಿಸಿದೆವು. ಯಾವ ಸ್ಟೇಟಸ್‌ಗೆ ಯಾವ ನಮೂನೆ ಅನ್ನುವ ಆಯ್ಕೆ ಆರ್ಡರ್ಸ್ ಕಡೆಗೆ ಹೋಯಿತು. ಇನ್ವಾಯ್ಸ್ ತನ್ನದನ್ನು ತಾನೇ ಆರಿಸಿತು. ಮೇಲ್ ಫೈಲಿನ ಫಂಕ್ಷನ್ನಿಗೆ ಈಗ ವಿಳಾಸ, ನಮೂನೆಯ ಹೆಸರು, ತುಂಬಬೇಕಾದ ವಿವರ, ಇಷ್ಟೇ ಬರುತ್ತದೆ. ಸುತ್ತುಗಳನ್ನು ಬಿಡಿಸುವಾಗ ನಾನು ಜಾಸ್ತಿ ಮಾಡಿರುವುದು ಇದನ್ನೇ: ಮೇಲಿನವರನ್ನು, ಅಂದರೆ ತನ್ನನ್ನು ಬಳಸುವ ಮಾಡ್ಯೂಲ್ ಅನ್ನು, ಕರೆದು ಕೇಳುವುದನ್ನು ಬಿಟ್ಟು, ಮೇಲಿನವರು ಕೊಟ್ಟದ್ದನ್ನು ತೆಗೆದುಕೊಳ್ಳುವುದು.

ಕೆಳಗಿನ ಮಾಡ್ಯೂಲ್ ಕೆಲಸ ಮುಗಿಸಿ ಮೇಲಿನವರಿಗೆ ತಿಳಿಸಲೇಬೇಕು ಅಂದಾಗ ಕೊಡುವುದರಿಂದ ಮಾತ್ರ ಆಗುವುದಿಲ್ಲ. ಹಣ ಬಂತು ಅಂತ ಪೇಮೆಂಟ್ ಮಾಡ್ಯೂಲ್ ಆರ್ಡರ್ಸ್‌ಗೆ ಹೇಳಬೇಕು ಅನ್ನಿ. ಆಗ ಪೇಮೆಂಟ್ ತನಗೆ ಬೇಕಾದದ್ದನ್ನು ಒಂದು ಇಂಟರ್‌ಫೇಸ್ (ಒಳಗಿನ ಕೋಡ್ ಇಲ್ಲದ, ಏನೇನು ಬೇಕು ಅನ್ನುವ ಕರಾರು) ಆಗಿ ತನ್ನ ಹತ್ತಿರವೇ ಬರೆದಿಟ್ಟುಕೊಳ್ಳಲಿ, ಆರ್ಡರ್ಸ್ ಬಂದು ಅದನ್ನು ತುಂಬಲಿ. ಇಂಟರ್‌ಫೇಸ್ ಪೇಮೆಂಟ್ ಕಡೆ ಇರಬೇಕು ಅನ್ನುವುದು ಮುಖ್ಯ. ಆರ್ಡರ್ಸ್ ಕಡೆ ಇಟ್ಟರೆ ಬಾಣ ತಿರುಗುವುದಿಲ್ಲ, ಒಂದು ಫೈಲ್ ಹೆಚ್ಚಾಯಿತು ಅಷ್ಟೇ. ಕಾಲ್‌ಬ್ಯಾಕ್ ಕೊಟ್ಟರೂ ಆಗುತ್ತದೆ, ಈವೆಂಟ್ ಕಳಿಸಿದರೂ ಆಗುತ್ತದೆ. ಈವೆಂಟ್ ವಿಷಯದಲ್ಲಿ ನನಗೆ ಸ್ವಲ್ಪ ಅಳುಕು. ಫೈಲುಗಳ ನಡುವಿನ ಬಾಣ ಹೋದರೂ ಓಡುವಾಗ ಸುತ್ತು ಉಳಿದಿರಬಹುದು: ಇದು ಅದಕ್ಕೆ ಈವೆಂಟ್, ಅದು ಮತ್ತೆ ಇದಕ್ಕೆ ಈವೆಂಟ್. ಅಂಥದ್ದನ್ನು ಇಂಪೋರ್ಟ್ ನೋಡುವ ಯಾವ ಟೂಲೂ ಹಿಡಿಯುವುದಿಲ್ಲ.

ಟೈಪ್ ಬರೆಯುವುದಕ್ಕೆ ಮಾತ್ರ ಇಂಪೋರ್ಟ್ ಬೇಕಿದ್ದರೆ ಕೆಲಸ ಹಗುರ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಇಂಪೋರ್ಟ್ ಟೈಪ್ ಅಂತ ಬರೆದರೆ ಕಂಪೈಲ್ ಆದ ಮೇಲೆ ಆ ಸಾಲೇ ಉಳಿಯುವುದಿಲ್ಲ. ಪೈಥಾನ್‌ನಲ್ಲಿ ಟೈಪ್ ಚೆಕಿಂಗ್ ಅನ್ನುವ ಗುರುತಿನ ಕೆಳಗೆ ಇಂಪೋರ್ಟ್ ಹಾಕಬಹುದು. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದ ಮಾಡೆಲ್‌ಗಳಲ್ಲಿ ಫಾರಿನ್ ಕೀಗೆ ಕ್ಲಾಸಿನ ಬದಲು ಅದರ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಸಾಕು. ಸಿ ಪ್ಲಸ್ ಪ್ಲಸ್‌ನಲ್ಲಿ ಫಾರ್ವರ್ಡ್ ಡಿಕ್ಲರೇಶನ್, ಅಂದರೆ ಈ ಹೆಸರಿನ ಕ್ಲಾಸ್ ಒಂದಿದೆ, ವಿವರ ಆಮೇಲೆ ಅಂತ ಹೇಳುವುದು. ಪಾಯಿಂಟರ್ ಅಥವಾ ರೆಫರೆನ್ಸ್ ಇಟ್ಟುಕೊಳ್ಳಲು ಅಷ್ಟು ಸಾಕು. ಒಳಗೆ ಇಡೀ ಆಬ್ಜೆಕ್ಟನ್ನೇ ಇಡಬೇಕಾದರೆ ಸಾಲದು, ಅದರ ಗಾತ್ರ ಗೊತ್ತಿರಬೇಕು. ಎ ಒಳಗೆ ಬಿ, ಬಿ ಒಳಗೆ ಎ ಪೂರ್ತಿಯಾಗಿ ಇರುವುದಂತೂ ಆಗದ ಮಾತು, ಗಾತ್ರಕ್ಕೆ ಕೊನೆಯೇ ಇರುವುದಿಲ್ಲ.

ಯಾರೂ ಹೇಳದ ಇನ್ನೊಂದು ದಾರಿ: ಎರಡನ್ನೂ ಸೇರಿಸಿಬಿಡಿ. ಪ್ರತಿ ಬದಲಾವಣೆಯಲ್ಲೂ ಎರಡು ಫೈಲೂ ಜೊತೆಗೇ ಬದಲಾಗುತ್ತಿವೆ, ಎರಡೂ ಚಿಕ್ಕವು, ವಾಕ್ಯವಾಗಿ ಹೇಳಿದರೆ ಎರಡು ಬಾಣವೂ ಸರಿ ಅನ್ನಿಸುತ್ತಿದೆ. ಆಗ ಅವು ಎರಡಲ್ಲ, ತಪ್ಪಾಗಿ ಸೀಳಿದ ಒಂದೇ ವಸ್ತು. ಇಂಟರ್‌ಫೇಸು, ಈವೆಂಟು ಅಂತ ಹೋದರೆ ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗೆ.

ಸರ್ವಿಸ್‌ಗಳ ನಡುವಿನ ಸುತ್ತು

ಆಪನ್ನು ಬೇರೆ ಬೇರೆಯಾಗಿ ಓಡುವ ಸಣ್ಣ ಸರ್ವಿಸುಗಳಾಗಿ ಒಡೆದು ಮೈಕ್ರೋಸರ್ವಿಸ್ ಮಾಡಿದರೆ ಸುತ್ತು ಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ, ಕಂಪೈಲರಿನ ಕಣ್ಣಿಂದ ಆಚೆ ಹೋಗುತ್ತದೆ. ಒಂದು ಸರ್ವಿಸ್ ಏಳುವಾಗ ಇನ್ನೊಂದರಿಂದ ಸೆಟ್ಟಿಂಗ್ ಕೇಳುತ್ತದೆ, ಆ ಇನ್ನೊಂದು ಏಳುವಾಗ ಮೊದಲನೆಯದರಿಂದ ಲಾಗಿನ್ ಟೋಕನ್ ಕೇಳುತ್ತದೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಒಂದೊಂದಾಗಿ ಡಿಪ್ಲಾಯ್ ಮಾಡುತ್ತಿರುವಷ್ಟು ದಿನ ಗೊತ್ತಾಗುವುದಿಲ್ಲ, ಯಾಕೆಂದರೆ ಒಂದು ಏಳುವಾಗ ಇನ್ನೊಂದು ಎದ್ದೇ ಇರುತ್ತದೆ. ಎಲ್ಲವೂ ಒಟ್ಟಿಗೆ ನಿಂತ ದಿನ ಯಾವುದೂ ಏಳುವುದಿಲ್ಲ. ಪರೀಕ್ಷೆ ಸರಳ: ಟೆಸ್ಟ್ ಪರಿಸರದಲ್ಲಿ ಎಲ್ಲವನ್ನೂ ನಿಲ್ಲಿಸಿ, ಒಂದೇ ಸಲ ಹಚ್ಚಿ ನೋಡಿ. ಏಳದಿದ್ದರೆ, ಏಳುವ ಹೊತ್ತಿನಲ್ಲಿ ಮಾಡುವ ಕರೆಯನ್ನು ಮೊದಲ ಬಳಕೆಯ ಹೊತ್ತಿಗೆ ತಳ್ಳಿ, ಸಿಗದಿದ್ದರೆ ಸ್ವಲ್ಪ ತಡೆದು ಮತ್ತೆ ಕೇಳುವ ಹಾಗೆ ಮಾಡಿ. ಬಾಣ ತಿರುಗಿಸುವ ಕೆಲಸ ಆಮೇಲೆ ನಿಧಾನವಾಗಿ.

ಮತ್ತೆ ಬಾರದ ಹಾಗೆ

ಬಿಡಿಸಿದ ಸುತ್ತು ಕಾವಲಿಲ್ಲದಿದ್ದರೆ ವಾಪಸ್ ಬರುತ್ತದೆ. ಸಿಐನಲ್ಲಿ (ಪ್ರತಿ ಬದಲಾವಣೆಗೂ ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಟೂಲ್ ಹಾಕಿ, ಆದರೆ ಮೊದಲ ದಿನವೇ ಎಲ್ಲ ಸುತ್ತಿಗೂ ಬಿಲ್ಡ್ ಬೀಳಿಸಬೇಡಿ. ಜನ ಟೂಲನ್ನೇ ನಿಲ್ಲಿಸಿಬಿಡುತ್ತಾರೆ. ಈಗಿರುವ ಸುತ್ತುಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆದಿಡಿ. ಪಟ್ಟಿಯಲ್ಲಿ ಇಲ್ಲದ ಹೊಸದು ಬಂದರೆ ಮಾತ್ರ ಬೀಳಲಿ. ಪಟ್ಟಿ ಕುಗ್ಗಬಹುದು, ಬೆಳೆಯಬಾರದು.

ಪೈಥಾನ್‌ಗೆ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಪ್ರತಿ ಮಾಡ್ಯೂಲನ್ನೂ ಹೊಸ ಪ್ರೋ­ಸೆಸ್‌ನಲ್ಲಿ ಒಂಟಿಯಾಗಿ ಇಂಪೋರ್ಟ್ ಮಾಡಿ ನೋಡುವ ಹತ್ತು ಸಾಲಿನ ಸ್ಕ್ರಿಪ್ಟ್. ಕ್ರಮದ ಅದೃಷ್ಟದಿಂದ ಬದುಕಿರುವವು ಅಲ್ಲೇ ಸಿಕ್ಕಿಬೀಳುತ್ತವೆ. ಅವತ್ತು ಮೇಲ್ ಫೈಲನ್ನು ತಿದ್ದಿದ ಮೇಲೆ ಅದನ್ನು ಓಡಿಸಿದೆ. ಇನ್ವಾಯ್ಸ್ ಎದ್ದಿತು, ಮೇಲ್ ಎದ್ದಿತು, ಆರ್ಡರ್ಸ್ ಎದ್ದಿತು. ರಿಪೋರ್ಟ್ಸ್ ಅನ್ನುವ ನಾಲ್ಕನೆಯದೊಂದು ಬಿತ್ತು. ಅದರ ಎರರ್ ತೋರಿಸಿದ್ದು ಎಂಟನೇ ಸಾಲನ್ನು. ಆ ಸಾಲಿನ ಗೋಜಿಗೆ ಹೋಗದೆ, ಟ್ರೇಸ್‌ಬ್ಯಾಕನ್ನು ಮೇಲಿನಿಂದ ಓದಲು ಶುರು ಮಾಡಿದೆ.